ಅಪ್ಪನ ಗಂಟೆಗಳು

“ಕೇಳಿಸ್ತಾ? ಅಪ್ಪನ ಗಂಟೆಗಳು!” ಮಿಂಕಾ ಮಂಜಿನೊಳಗೆ ಕೈ ಚಾಚಿದಳು. “ನಮ್ಮ ಕುರಿ ಅಲ್ಲೇ ಮೇಯ್ತಿವೆ. ನಡಿ, ಇನ್ನೇನು ಹಟ್ಟಿ ಸಿಕ್ತು.”

ತಮ್ಮ ಡೆಲ್ಚೊ ಕದಲಲಿಲ್ಲ. ಬೆಳಿಗ್ಗೆ ಇಬ್ಬರೂ ರೊಡೊಪಿ ಬೆಟ್ಟದ ಹಾಳು ಕೋಟೆಗೆ ಹತ್ತುವಾಗ ಬಿಸಿಲಿತ್ತು. ಪ್ರತಿ ವರ್ಷ ಅಪ್ಪ ತೀರಿಕೊಂಡ ದಿನ, ಅಲ್ಲಿನ ಮುರುಕು ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ, ಬೇಯಿಸಿದ ಗೋಧಿ ಇಟ್ಟು, ನೆಲಕ್ಕೆ ಒಂದಿಷ್ಟು ವೈನ್ ಸುರಿದು ಇಳಿಯುವುದು ವಾಡಿಕೆ. ಈ ಸಲ ಬತ್ತಿ ಹಚ್ಚುವಷ್ಟರಲ್ಲಿ ಆಲಿಕಲ್ಲು ಬಿತ್ತು. ಅದು ನಿಂತದ್ದೇ ಮಂಜು ಇಳಿಯಿತು. ಕೋಟೆ ಬಿಟ್ಟು ಹತ್ತು ನಿಮಿಷವಾಗಿತ್ತು. ಈಗ ಹಿಂದೆ ಗೋಡೆಯೂ ಕಾಣದು, ಮುಂದೆ ದಾರಿಯೂ ಕಾಣದು. ಬೆಟ್ಟದ ಒಂದು ಮಗ್ಗುಲಲ್ಲಿ ಹಟ್ಟಿ. ಇನ್ನೊಂದು ಮಗ್ಗುಲಲ್ಲಿ ಇನ್ನೂರು ಅಡಿ ಕಮರಿ.

“ಅಕ್ಕಾ, ಮಂಜು ಸರೀಲಿ. ಕೂತ್ಕೊಳ್ಳೋಣ.”

“ಒದ್ದೆ ಬಟ್ಟೇಲಾ? ಕೂತ್ರೆ ನಮಗೂ ಒಂದೊಂದು ಬತ್ತಿ ಹಚ್ಬೇಕಾಗತ್ತೆ.”

“ಹಾಗಾದ್ರೆ ಈ ಕಡೆ ಹೋಗೋಣ.”

“ಹಿತ್ತಲಲ್ಲೇ ದಾರಿ ತಪ್ಪಿ ಅಳ್ತಿದ್ದೋನು ನೀನು. ನಿನ್ನ ಮಾತು ಕೇಳ್ಲೋ, ಅಪ್ಪನ ಗಂಟೆ ಕೇಳ್ಲೋ?”

ಅವಳು ನಡೆದೇಬಿಟ್ಟಳು. ಆ ಸೀಮೆಯಲ್ಲಿ ಮಂದೆ ಯಾರದೆಂದು ಹೇಳುವುದು ಕಣ್ಣಲ್ಲ, ಕಿವಿ. ಹನ್ನೆರಡು ಕಂಚಿನ ಗಂಟೆಗಳ ಸ್ವರ ಒಂದಕ್ಕೊಂದು ಕೂಡಿಬರಲೆಂದು ಅಪ್ಪ ಮೂರು ವರ್ಷ ಸಂತೆಯಿಂದ ಸಂತೆಗೆ ಅಲೆದಿದ್ದ. ಮದುವೆಯಾಗಿ ಪಟ್ಟಣ ಸೇರಿ ಇಪ್ಪತ್ತು ವರ್ಷ ಕಳೆದರೂ ಮಿಂಕಾಳ ಕಿವಿ ಅದನ್ನು ಮರೆತಿರಲಿಲ್ಲ. ಅದು ಗೊತ್ತಿದ್ದೇ ಡೆಲ್ಚೊ ಬೆಳಿಗ್ಗೆ ಬಸ್ಸಿಳಿದ ಅಕ್ಕನನ್ನು ಹಟ್ಟಿಯತ್ತ ಬಿಡದೆ ಸುತ್ತುದಾರಿಯಲ್ಲಿ ಮೇಲೆ ಕರೆತಂದಿದ್ದ.

ಅವಳ ಕೆಂಪು ತಲೆವಸ್ತ್ರ ಮಂಜಿನಲ್ಲಿ ಬೂದುಬಣ್ಣಕ್ಕೆ ತಿರುಗಿತು. ಹತ್ತು ಹೆಜ್ಜೆ. ಹದಿನೈದು. ಅವಳ ಕಾಲಿಗೆ ತಾಗಿದ ಕಲ್ಲೊಂದು ಉರುಳಿತು. ಅದು ನೆಲಕ್ಕೆ ಬಿದ್ದ ಸದ್ದು ಬರಲೇ ಇಲ್ಲ.

“ಅಕ್ಕಾ, ನಿಲ್ಲು! ಅವು ನಮ್ಮ ಕುರಿಯಲ್ಲ. ಗಂಟೆ ಮಾರ್ಬಿಟ್ಟೆ.”

ಹೆಜ್ಜೆ ಸದ್ದು ನಿಂತಿತು. “ಯಾರಿಗೆ?”

“ಸಿಮೊಗೆ. ಕಮರಿ ಆಚೆ ಗುಡ್ಡದೋನು. ಫೆಬ್ರವರೀಲಿ ಮೇವು ಮುಗಿದಿತ್ತು...”

ಮಿಂಕಾ ಮಂಡಿಯೂರಿ, ಮುಂದಿನ ನೆಲವನ್ನು ಕೈಯಿಂದ ಸವರಿದಳು. ಒಂದು ಮೊಳದಾಚೆ ನೆಲವಿರಲಿಲ್ಲ. ಮಂಡಿಯೂರಿದಂತೆಯೇ ಹಿಂದೆ ಸರಿಯುತ್ತ ಬಂದಳು. ತಮ್ಮನ ಕಾಲು ತಾಗಿದ ಮೇಲೇ ಎದ್ದದ್ದು.

“ಹದಿನೈದು ಹೆಜ್ಜೆ ನಡೆಯೋಕೆ ಬಿಟ್ಯಲ್ಲೋ, ಡೆಲ್ಚೊ.”

ಅವಳು ಕೈಯ ಮಣ್ಣು ಕೊಡವಿಕೊಂಡಳು.

“ಈಗ ನಮ್ಮ ಕುರಿಗೆ ಏನು ಕಟ್ಟಿದೀಯ?”

“ತಗಡಿಂದು. ಎರಡೇ ಇರೋದು.”

“ಬಾಯ್ಮುಚ್ಕೊಂಡು ನಿಲ್ಲು ಹಾಗಾದ್ರೆ.”

ಬಹಳ ಹೊತ್ತು ಅಪ್ಪನ ಗಂಟೆಗಳದೇ ಇಂಪು. ಆಮೇಲೆ ಎಡಕ್ಕೆ, ತುಸು ಹಿಂದೆ, ತೀರ ಕೆಳಗೆ, ಯಾರೋ ಡಬ್ಬ ಬಡಿದಂತೆ ಒಂದು ಸದ್ದು. ಮತ್ತೆ ಒಂದು.

ಮಿಂಕಾ ಅತ್ತ ತಿರುಗಿದಳು. ಕಮರಿಯ ಕಡೆಯ ಕಿವಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಂಡು, ತಗಡಿನ ಸದ್ದು ಹಿಡಿದು ಇಳಿಯತೊಡಗಿದಳು.