ಅಕ್ಕನ ಕೊರಳು

ಬಾಗಿಲು ಬಡಿದರೆ ಅಕ್ಕನಿಗೆ ಕೇಳಿಸುವುದಿಲ್ಲವೆಂದು ಓಜೆಲ್ಲಾಗೆ ಯಾರೂ ಹೇಳಿರಲಿಲ್ಲ. ಐದು ನಿಮಿಷ ಬಡಿದು, ಸಾಕಾಗಿ ಹಿತ್ತಿಲಿಗೆ ಸುತ್ತಿ ಬಂದು, ಅಡುಗೆಮನೆಯ ಕಿಟಕಿಯ ಮುಂದೆ ಕೈಬೀಸಿದಳು. ಸೋಮವಾರದ ವಾಡಿಕೆಯಂತೆ, ನ್ಯೂ ಆರ್ಲಿಯನ್ಸಿನ ಎಲ್ಲ ಮನೆಗಳ ಹಾಗೆ ಅಲ್ಲೂ ಕೆಂಪು ಕಾಳು ಬೇಯುತ್ತಿತ್ತು.

“ಕಿವಿ ಹೋಗಿ ನಾಲ್ಕು ವರ್ಷ ಆಯ್ತು ಕಣೇ. ನನ್ನ ಕಡೆ ತಿರುಗಿ ಮಾತಾಡು, ತುಟಿ ನೋಡ್ಕೊಂಡು ತಿಳ್ಕೋತೀನಿ,” ಎಂದಳು ಅಕ್ಕ ಯೂಲಾ. “ಮುದುಕಿ ಆಗಿದ್ದೀಯ. ಪೋಸ್ಟರ್‌ನಲ್ಲಿ ಮಾತ್ರ ಇನ್ನೂ ಇಪ್ಪತ್ತರ ಹುಡುಗಿ.”

ಓಜೆಲ್ಲಾ ನಗಲಿಲ್ಲ. ಜಾಜ್ ಪ್ರಪಂಚ ತಲೆಯ ಮೇಲೆ ಹೊತ್ತು ಮೆರೆಸಿದ ಈ ಗಾಯಕಿಯ ಕೈಚೀಲದಲ್ಲಿ ಪತ್ರಿಕೆಗೆಂದು ಬರೆದ ಒಂದು ಕಾಗದವಿತ್ತು. ಅದು ಅಚ್ಚಾದರೆ ಮೂವತ್ತೊಂದು ವರ್ಷಗಳ ಹೆಸರು ಮಣ್ಣುಪಾಲು. ಆಗಲಿ ಎಂದೇ ಬಂದಿದ್ದಳು.

ಸಾವಿರದ ಒಂಬೈನೂರ ಇಪ್ಪತ್ತಾರರ ಆಗಸ್ಟ್. ರೆಕಾರ್ಡ್ ಕಂಪನಿಯವರು ಊರಿಗೆ ಬಂದಿದ್ದರು. ಕರಾರು ಓಜೆಲ್ಲಾಳ ಹೆಸರಿಗೆ. ಅವಳಿಗೋ ಸುಡುವ ಜ್ವರ. ಮೊದಲ ಸಲ ಅವಳೇ ಹಾಡಿದಳು. ಮೂರನೆಯ ಸಾಲಿಗೆ ಕೆಮ್ಮು ಒತ್ತಿ ಬಂತು. ಮಾತು ನುಂಗಿ, ಬರೀ ಗುನುಗಿ ದಾಟಿಸಿದಳು. ಕಂಪನಿಯ ಯಜಮಾನ ಮುಖ ಸಿಂಡರಿಸಿದ. ಜೊತೆಗೆ ಬಂದಿದ್ದ ಅಕ್ಕ ಎರಡನೆಯ ಸಲ ಅದನ್ನೇ ಹಾಡಿದಳು, ಒಂದಕ್ಷರ ಬಿಡದೆ. “ಇದೇ ಇರಲಿ. ಹೆಸರು ತಂಗಿಯದೇ ಹಾಕ್ತೀವಿ,” ಎಂದ ಯಜಮಾನ. ಇಬ್ಬರ ಹಾಡನ್ನೂ ಕೊರೆದಿದ್ದ ಎರಡು ಮೇಣದಚ್ಚುಗಳು ಆ ಸೆಖೆಯಲ್ಲೇ ರೈಲು ಹತ್ತಿ ಉತ್ತರಕ್ಕೆ ಹೋದವು.

ರೆಕಾರ್ಡು ಮನೆಮಾತಾಯಿತು. ಅದರ ಬೆನ್ನಿಗೆ ಓಜೆಲ್ಲಾ ಷಿಕಾಗೋ ಸೇರಿದಳು, ನ್ಯೂಯಾರ್ಕ್ ಗೆದ್ದಳು, ಹಡಗು ಹತ್ತಿ ಪ್ಯಾರಿಸಿಗೂ ಹೋಗಿ ಹಾಡಿ ಬಂದಳು. ಊರು ಬಿಡುವ ಮುನ್ನ ಮಾತ್ರ ಒಂದು ಕೆಲಸ ಮಾಡಿದ್ದಳು. ಅಕ್ಕ ಎಲ್ಲಾದರೂ ಹಾಡಿ, ಯಾರಾದರೂ ದನಿಯ ಗುರುತು ಹಿಡಿದರೆ? ಇನ್ನು ಯಾರ ಮುಂದೆಯೂ ಹಾಡಕೂಡದೆಂದು ಬೈಬಲ್ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ಯೂಲಾ ಕೊಟ್ಟ ಮಾತು ತಪ್ಪಲಿಲ್ಲ. ಪಾದ್ರಿಯನ್ನು ಮದುವೆಯಾಗಿಯೂ ಚರ್ಚಿನಲ್ಲಿ ಬರೀ ತುಟಿ ಅಲ್ಲಾಡಿಸಿದಳು.

ಓಜೆಲ್ಲಾ ಆ ರೆಕಾರ್ಡನ್ನು ಒಂದು ದಿನವೂ ಕೇಳಲಿಲ್ಲ. ಎಲ್ಲಿ ಹಾಕಿದರೂ ಎದ್ದು ಹೊರನಡೆಯುತ್ತಿದ್ದಳು. ಜನ ಅದನ್ನು ವಿನಯ ಎಂದುಕೊಂಡರು. “ವೇದಿಕೆ ಮೇಲೂ ಚೆನ್ನಾಗೇ ಹಾಡ್ತೀರಿ. ಆದ್ರೆ ರೆಕಾರ್ಡಿನಲ್ಲಿ ಕರುಳು ಹಿಂಡುತ್ತೆ ನೋಡಿ, ಅದೇ ಬೇರೆ,” ಎಂದು ಅಭಿಮಾನಿಗಳು ಹೊಗಳಿದಾಗಲೆಲ್ಲ ಅವಳಿಗೆ ಕಪಾಳಕ್ಕೆ ಹೊಡೆದಂತಾಗುತ್ತಿತ್ತು.

ಈಗ ಅಕ್ಕನಿಗೆ ಎದುರಾಗಿ ಕುಳಿತು ಎಲ್ಲ ಹೇಳಿಕೊಂಡಳು. “ನಿನ್ನ ಬಾಯಿ ಕಟ್ಟಿ ನಾನು ಮೆರೆದೆ ಅಕ್ಕಾ. ನಾಳೆ ಪೇಪರಿಗೆ ಕೊಡ್ತೀನಿ. ಊರಿಗೆಲ್ಲ ಗೊತ್ತಾಗಲಿ.”

“ಪೇಪರೆಲ್ಲ ಬೇಡ ಕಣೇ, ಹರಿದು ಹಾಕು. ನಂಗೆ ಗೊತ್ತಿದ್ರೆ ಸಾಲದಾ?” ಯೂಲಾ ಕೋಣೆಯಿಂದ ಅದೇ ರೆಕಾರ್ಡು ತಂದು ಗ್ರಾಮಫೋನಿಗೆ ಹಾಕಿದಳು. “ನಾನೂ ಇದನ್ನ ಕೇಳಿದ್ದೇ ಇಲ್ಲ, ಗೊತ್ತಾ? ನಮ್ಮ ಪಾದ್ರಿ ಇರೋವರೆಗೂ ಇಂಥ ಹಾಡು ಹೊಸಿಲು ದಾಟೋ ಹಾಗಿರಲಿಲ್ಲ. ಅವರು ತೀರಿಕೊಂಡ್ಮೇಲೆ ಇದನ್ನ ಕೊಂಡು ತಂದೆ. ಅಷ್ಟರಲ್ಲಿ ಕಿವಿ ಹೋಗಿತ್ತು. ದಿನಾ ಹಾಕಿ, ಪೆಟ್ಟಿಗೆ ಮೇಲೆ ಕೈ ಇಟ್ಕೊಂಡು ಕೂತ್ಕೋತೀನಿ. ಅದರುತ್ತಲ್ಲ, ಅಷ್ಟೇ ಸಾಕು. ಒಂದು ಕಾಲದಲ್ಲಿ ನಾನೂ ಹಾಡಿದ್ದೆ ಅನ್ನೋದೊಂದೇ ನಂಗೆ ಉಳಿದಿರೋದು. ಹೇಗೆ ಹಾಡಿದ್ದೀನಿ ಅಂತ ಇವತ್ತು ನೀನು ಕೇಳಿ ಹೇಳು.”

ಮುಳ್ಳು ಇಳಿಯಿತು. ಯೂಲಾ ಪೆಟ್ಟಿಗೆಯ ಮೇಲೆ ಅಂಗೈ ಊರಿ ತಂಗಿಯ ತುಟಿಗಳನ್ನೇ ನೋಡುತ್ತ ಕುಳಿತಳು. ಈ ಸಲ ಓಜೆಲ್ಲಾ ಎದ್ದು ಹೋಗಲಿಲ್ಲ. ಮೊದಲ ಸಾಲು ಬಂತು. ಎರಡನೆಯದೂ ಬಂತು. ಮೂರನೆಯ ಸಾಲಿನ ನಡುವೆ ದನಿ ಒಡೆಯಿತು. ಕೆಮ್ಮು ನುಂಗಿ, ಮಾತಿಲ್ಲದೆ ಗುನುಗಿ ಮುಂದೆ ಸಾಗಿತು.

ಅದು ಓಜೆಲ್ಲಾಳದೇ ಜ್ವರದ ಗಂಟಲು. ಅಕ್ಕ ಹಾಡಿದ ಮೇಣದಚ್ಚು ದಾರಿಯ ಸೆಖೆಗೆ ಕೆಟ್ಟು, ಕಂಪನಿಯವರು ಮೊದಲನೆಯದನ್ನೇ ಅಚ್ಚೊತ್ತಿರಬೇಕು. ಅಕ್ಕ ಮೂವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡು ಬದುಕಿದ್ದು ಸುಮ್ಮಸುಮ್ಮನೆ.

ಅವಳು ಅಕ್ಕನಿಗೆ ಕಾಣುವಂತೆ ಮುಖ ಎತ್ತಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು: “ನಿನ್ನಷ್ಟು ಚೆನ್ನಾಗಿ ನಾನು ಯಾವತ್ತೂ ಹಾಡಲಿಲ್ಲ ಅಕ್ಕಾ.”