ಕೈಗೆ ಬಂದ ಫ್ಯೂಸ್

ಎಸಿಯ ತಂಪನ್ನು ತಾನೇ ಹೊಂದಿಸುವ ಹೊಸ ಪೆಟ್ಟಿಗೆಯನ್ನು ಕರೆಂಟ್ ಕಂಪನಿ ಕಳಿಸಿತ್ತು. ಅದನ್ನು ಗೋಡೆಗೆ ಕೂರಿಸಲು ಅವಳೇ ಸ್ಟೂಲ್ ಹತ್ತಿದಳು. ಲೈನ್‌ಮನ್‌ನ ಮಗಳು ಅವಳು. ಕಿತ್ತ ಫ್ಯೂಸ್ ತನ್ನ ಕೈಗೆ ಬರುವ ತನಕ ತಂತಿ ಮುಟ್ಟುವವಳಲ್ಲ.

ಗಂಡ ಕೆಳಗೆ ಎಲ್ಲ ಮನೆಗಳ ಫ್ಯೂಸ್‌ಗಳೂ ಇರುವ ಮೀಟರ್ ಬೋರ್ಡಿನಿಂದ ಫ್ಯೂಸ್ ತಂದುಕೊಟ್ಟ.

"ತಗೋ, ನಿಮ್ಮಪ್ಪ ಹೇಳಿಕೊಟ್ಟ ಹಾಗೇ. ಫ್ಯಾನೂ ನಿಂತಿದೆ ನೋಡು."

ಅವಳು ನಕ್ಕು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನು ಹೊರಕೋಣೆಗೆ ಹೋದ.

ಕಿಟಕಿಯ ಕೆಳಗಿಂದ ಕೆಳಮನೆಯ ಗಿರಿಜಮ್ಮ ಕೂಗಿದರು: "ನಮ್ಮನೆ ಫ್ಯೂಸ್ ಯಾರ್ರೀ ಕಿತ್ಕೊಂಡು ಹೋಗಿದ್ದು?"

ಅವಳು ಸ್ಟೂಲ್ ಇಳಿದಳು. ಬೆಳಗಿನಿಂದ ಆನ್ ಇದ್ದ ಫ್ಯಾನಿನ ಸ್ವಿಚ್ ಆಫ್ ಆಗಿತ್ತು. ಒತ್ತಿದಳು. ಫ್ಯಾನ್ ತಿರುಗತೊಡಗಿತು.

ಹೊರಕೋಣೆಯಿಂದ ಗಂಡ ಕೇಳಿದ: "ಇನ್ನೂ ತಂತಿ ಮುಟ್ಟಲಿಲ್ವೇನೇ?"