ನಲವತ್ನಾಲ್ಕು ಬೇಡಗಳು

“ಹೌದು ನಲವತ್ನಾಲ್ಕು, ಬೇಡ ನಲವತ್ನಾಲ್ಕು.” ಚುನಾವಣಾಧಿಕಾರಿ ಎರಡೆರಡು ಸಲ ಓದಿದ. ಗ್ಯೆಂಬೊ ಬೆರಳು ಮಡಚಿ ತಾನೂ ಒಮ್ಮೆ ಲೆಕ್ಕ ಹಾಕಿದ. ರಾಜಧಾನಿ ಥಿಂಪುವಿನ ಮೇಲ್ಮನೆಗೆ ಈ ಊರಿನಿಂದ ನಿಂತವನು ಅವನೊಬ್ಬನೇ. ಊರವರು ಅವನಿಗೆ ಹೌದು ಎನ್ನಬೇಕು, ಇಲ್ಲವೇ ಬೇಡ ಎನ್ನಬೇಕು, ಅಷ್ಟೇ. ಇದನ್ನು ನಂಬಿಕೊಂಡು ಪುಣ್ಯಾತ್ಮ ಇದ್ದ ಮೇಷ್ಟ್ರ ಕೆಲಸವನ್ನೂ ಬಿಟ್ಟು ಕುಳಿತಿದ್ದ.

“ಅರ್ಧಕ್ಕಿಂತ ಒಂದಾದರೂ ಜಾಸ್ತಿ ಬೇಕು. ಊಟ ಆದ್ಮೇಲೆ ಇನ್ನೊಂದ್ಸಲ ಓಟು,” ಎಂದ ಅಧಿಕಾರಿ.

ಹೆಂಡತಿ ಫುಬ್ ಲ್ಹಾಮ್ ಗಂಡನನ್ನು ಗೋಡೆಯ ಮರೆಗೆ ದರದರ ಎಳೆದೊಯ್ದಳು. “ನಿನ್ನ ಕಂಡ್ರೆ ಆಗದವರದ್ದೇ ಕಿತಾಪತಿ ಇದು! ಯಾರ್ಯಾರು ಬೇಡ ಅಂದಿದಾರೆ ಅಂತ ನಂಗೆ ಗೊತ್ತಾಗ್ಲಿ, ಆಮೇಲಿದೆ ಅವರಿಗೆ.”

“ಅದ್ರಲ್ಲಿ ಒಂದು ನಂದೇ ಕಣೇ.”

“ಏನಂದೆ?”

“ನನಗೆ ನಾನೇ ಹೌದು ಅನ್ನೋಕೆ ನಾಚಿಕೆ ಆಯ್ತು. ನೋಡಿದವ್ರು ಏನಂದ್ಕೊಂಡಾರು?”

ಬೈಯಲು ಬಾಯಿ ತೆರೆದವಳು ಕಿವಿಯವರೆಗೂ ಕೆಂಪಾದಳು. “ನಾನೂ ಬೇಡ ಅಂತಲೇ ಒತ್ತಿದೆ. ಕಟ್ಕೊಂಡವಳೇ ಹೌದು ಅಂದ್ರೆ ಆಸೆಬುರುಕಿ ಅನ್ನಲ್ವಾ? ನಿಮ್ಮಮ್ಮನೂ ಹಂಗೇ ಒತ್ತಿದ್ರಂತೆ. ನಿಮ್ಮಕ್ಕ, ನಮ್ಮಣ್ಣಂದಿರು... ಅಯ್ಯೋ!”

ಇಬ್ಬರೂ ಮುಖ ಮುಖ ನೋಡಿಕೊಂಡರು. ಊರಲ್ಲಿ ಅರ್ಧಕ್ಕರ್ಧ ನೆಂಟರೇ. ತಟ್ಟೆ ಮುಂದಿಟ್ಟರೆ ಬಾಯಿಗೆ ಕೈ ಅಡ್ಡ ಹಿಡಿದು ‘ಮೆಶು ಮೆಶು, ಬೇಡ ಬೇಡ’ ಎನ್ನದೆ ತುತ್ತೆತ್ತುವ ಜಾತಿಯೇ ಅಲ್ಲ. ಹೇಗೂ ಇನ್ನೊಮ್ಮೆ ಬಲವಂತ ಮಾಡುತ್ತಾರೆ ಎಂದು ನಂಬಿ, ಅಷ್ಟೂ ಜನ ಮತಯಂತ್ರದ ಮುಂದೆಯೂ ಮರ್ಯಾದೆ ಉಳಿಸಿಕೊಂಡು ಬಂದಿದ್ದರು!

ಫುಬ್ ಲ್ಹಾಮ್ ನಗು ತಡೆಯಲಾರದೆ, ಉಣ್ಣುತ್ತಾ ಕೂತಿದ್ದ ನೆಂಟರ ನಡುವೆ ನುಗ್ಗಿದಳು. “ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ! ಮನೆಯವ್ರ ಹೊಟ್ಟೆ ಮೇಲೆ ಹೊಡೀಬೇಡ್ರಪ್ಪ, ಈ ಸಲ ಹೌದು ಅಂತ ಒತ್ತಿ.”

ಮಧ್ಯಾಹ್ನ ಎಂಬತ್ತೆಂಟಕ್ಕೆ ಎಂಬತ್ತೆಂಟೂ ಹೌದು. ಊರಿಗೆ ಊರೇ ಕುಣಿಯಿತು. ಎಲ್ಲರನ್ನೂ ತಳ್ಳಿಕೊಂಡು ಬಂದು ಗ್ಯೆಂಬೊನ ಕೊರಳಿಗೆ ಮೊದಲು ಬಿಳಿ ಶಲ್ಯ ಹಾಕಿದವನು ಪಕ್ಕದ ಗದ್ದೆಯ ದೋಫು. ನೀರಿನ ಸರದಿಗಾಗಿ ಜಗಳವಾಡಿ ಹತ್ತು ವರ್ಷದಿಂದ ಮಾತು ಬಿಟ್ಟವನು.

ಗ್ಯೆಂಬೊನ ಕಣ್ಣು ತುಂಬಿತು. “ನೀವೂ ಹೌದು ಅಂದ್ರಾ, ದೋಫಣ್ಣ?”

“ಬೆಳಿಗ್ಗೇನೇ ಅಂದಿದ್ದೆ! ಐದು ವರ್ಷ ಥಿಂಪುನಲ್ಲೇ ಇರು ಮಾರಾಯ, ನನ್ನ ಗದ್ದೆಗೆ ಹೊಟ್ಟೆ ತುಂಬ ನೀರಾಗ್ಲಿ.”